ಲ್ಯಾಪ್‌ಟಾಪ್ ತಡವಾಗಿ ಏಳುವುದೇಕೆ?

ಗುಲ್ವಾಡಿಯ ರೈತ ಬಾಂಧವರೇ, ಅಡಿಕೆಯ ಬೆಳೆವಿಮೆಗೆ ಕಾಗದಪತ್ರ ತೆಗೆಯಬೇಕಾದ ದಿನವೇ ಮಳೆಗೆ ತಂತಿ ಕಡಿದು, ಲ್ಯಾಪ್‌ಟಾಪ್ ಏಳಲು ಬಹಳ ಹೊತ್ತು ಹಿಡಿಯುವುದುಂಟು. ಯಂತ್ರ ಕೆಟ್ಟಿತೆಂದು ಕೂಡಲೇ ಕುಂದಾಪುರಕ್ಕೆ ಹೊತ್ತೊಯ್ಯಬೇಡಿರಿ. ಹಿಂದೆ ಸಂಘದ ಕಚೇರಿಯಲ್ಲಿ ಜೋಡಿಸಿದ ಹಂಚಿಕೆಯ ಡ್ರೈವ್ ಇದ್ದರೆ ವಿಂಡೋಸ್ ಅದನ್ನು ಪ್ರತಿಸಲವೂ ಹುಡುಕುತ್ತದೆ. ಸಂಪರ್ಕವಿಲ್ಲದಾಗ, ಬಾರದ ನೆಂಟನಿಗೆ ಎಲೆ ಹಾಕಿ ಕುಳಿತಂತೆ ಕಾಯುತ್ತದೆ. ಕಚೇರಿಯ ಸಂಪರ್ಕ ಇರುವಲ್ಲಿ ಒಮ್ಮೆ ಚಾಲೂ ಮಾಡಿರಿ. ಬೇಗ ಎದ್ದರೆ ಕಾರಣ ಇದೇ ಇರಬಹುದು.

‘ದಿಸ್ ಪಿಸಿ’ ತೆರೆದು, ಕೆಂಪು ತಪ್ಪುಗುರುತಿರುವ ಡ್ರೈವಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಡಿಸ್‌ಕನೆಕ್ಟ್’ ಆರಿಸಿರಿ. ಸಂಘದ ಯಂತ್ರದಲ್ಲಿನ ಕಡತಗಳು ಇದರಿಂದ ಅಳಿಯುವುದಿಲ್ಲ, ಹೆದರಿಕೆ ಬೇಡ. ಮುಂದೆ ಪುನಃ ಜೋಡಿಸುವಾಗ ‘ರೀಕನೆಕ್ಟ್ ಅಟ್ ಸೈನ್-ಇನ್’ ಎಂಬ ಚೌಕದ ಗುರುತನ್ನು ತೆಗೆದಿಡಿರಿ.