ಗೆಳತಿಯರ ಜೊತೆ ದ್ವೀಪಕ್ಕೆ ಹೋಗಿ ಬರಲಾ, ಅಮ್ಮಾ?

ಪರೀಕ್ಷೆ ಮುಗಿಯುತ್ತಿದ್ದಂತೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. "ನಾವು ಐದು ಜನ ಹುಡ್ಗೀರು ಮಲ್ಪೆಗೆ ಹೋಗಿ ಬರ್ತೀವಿ. ಅಲ್ಲಿ ಸಮುದ್ರದೊಳಗೆ ದ್ವೀಪ ಇದೆಯಂತೆ." ಅಮ್ಮ "ಅಪ್ಪಾಜೀನ ಕೇಳು" ಎನ್ನುತ್ತಾರೆ. ಅಪ್ಪಾಜಿ ಪೇಪರಿನಿಂದ ತಲೆ ಎತ್ತದೆ "ನಿಮ್ಮಮ್ಮ ಏನಂದ್ಲು?" ಎನ್ನುತ್ತಾರೆ. ಅಜ್ಜಿಯದು ಮಾತ್ರ ನೇರ ಮಾತು: "ಮದುವೆಯಾದ ಮೇಲೆ ಗಂಡನ ಜೊತೆ ಹೋಗುವೆಯಂತೆ, ಈಗೇನು ಅವಸರ?"

ಹೆತ್ತವರ ಈ ಹಿಂಜರಿಕೆಯನ್ನು ಸುಮ್ಮನೆ ಹಳೆಯ ಕಾಲದ್ದೆಂದು ತಳ್ಳಿಹಾಕುವಂತಿಲ್ಲ. ಅದರೊಳಗೆ ಎರಡು ಭಯಗಳಿವೆ. ಒಂದು, 'ಜನ ಏನಂದಾರು?' ಇನ್ನೊಂದು, 'ಏನಾದರೂ ಆದರೆ?' ಮನೆಯಲ್ಲಿ ಗಂಟೆಗಟ್ಟಲೆ ಚರ್ಚೆಯಾಗುವುದು ಮೊದಲನೆಯದು. ಎರಡನೆಯದನ್ನು ಬಿಡಿಸಿ ನೋಡುವವರು ಕಡಿಮೆ.

ಹರಕೆಯಿಲ್ಲದ ಪ್ರವಾಸ

ಸಂಪ್ರದಾಯಸ್ಥ ಮನೆಯ ಹೆಂಗಸರು ಗುಂಪು ಕಟ್ಟಿಕೊಂಡು ಊರು ಬಿಟ್ಟು ಹೋಗುವುದು ಹೊಸದೇನಲ್ಲ. ಧರ್ಮಸ್ಥಳಕ್ಕೆ, ಕುಕ್ಕೆ ಸುಬ್ರಹ್ಮಣ್ಯಕ್ಕೆ, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಅಕ್ಕತಂಗಿಯರು, ಓರಗಿತ್ತಿಯರು, ನೆರೆಮನೆಯವರು ಒಟ್ಟಾಗಿ ಹೋಗುತ್ತಲೇ ಬಂದಿದ್ದಾರೆ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಆಗ ಬಸ್ ನಿಲ್ದಾಣಗಳಲ್ಲಿ ಇಂಥ ಗುಂಪುಗಳು ಇನ್ನಷ್ಟು ಹೆಚ್ಚಿದವು.

ಹಾಗಿದ್ದರೆ ಮಗಳು ಕೇಳಿದಾಗ ಏಕೆ ಇಷ್ಟು ತಕರಾರು? ಅಮ್ಮನ ಪ್ರಯಾಣಕ್ಕೆ ದೇವರ ಹೆಸರಿರುತ್ತದೆ, ಹರಕೆಯಿರುತ್ತದೆ. ಮಗಳದು ಹರಕೆಯಿಲ್ಲದ ಪ್ರವಾಸ. ನೋಡಬೇಕು, ನಗಬೇಕು, ಗೆಳತಿಯರ ಜೊತೆ ಎರಡು ದಿನ ಕಳೆಯಬೇಕು, ಅಷ್ಟೇ. ಹೆಣ್ಣುಮಗಳು ಕೇವಲ ಸಂತೋಷಕ್ಕಾಗಿ ಹೊರಡುವುದನ್ನು ಒಪ್ಪಲು ನಮ್ಮ ಮನೆಗಳಿಗೆ ಇನ್ನೂ ಅಭ್ಯಾಸವಾಗಿಲ್ಲ.

ಮನೆ ಹತ್ತಿರದ ನಡುಗಡ್ಡೆ

ಸಮುದ್ರಕ್ಕೆ ಹೋಗುವ ಮುನ್ನ ನೀರಿನ ಪಾಠ ಕಲಿಯಲು ಈ ಸೀಮೆಯಲ್ಲೇ ಒಂದು ಜಾಗವಿದೆ. ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯ ಹಳೆಯ ಚರ್ಚು ಅದು. 1860ರ ಆಸುಪಾಸಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಅದನ್ನು ಸುತ್ತುವರಿಯಿತು. ಸುತ್ತಲಿನ ಜನ ಬೇರೆಡೆಗೆ ಹೋಗಬೇಕಾಯಿತು. ಜಲಾಶಯದ ಪೂರ್ಣ ಮಟ್ಟ 2922 ಅಡಿ. ಮಳೆ ಚೆನ್ನಾಗಿ ಬಂದ ವರ್ಷ ಆ ಮಟ್ಟದ ಹತ್ತಿರ ನೀರು ನಿಂತಾಗ ಚರ್ಚಿನ ಗೋಡೆಗಳು ನಡುಗಡ್ಡೆಯಂತೆ ಕಾಣುತ್ತವೆ. ಬೇಸಿಗೆಯಲ್ಲಿ ಅವುಗಳ ಬುಡದವರೆಗೂ ನಡೆದು ಹೋಗಬಹುದು.

ಈ ಹಿನ್ನೀರು ಮೋಸ ಮಾಡಬಲ್ಲದು. ನೀರು ಇಳಿದ ಜಾಗದಲ್ಲಿ ಮೇಲೆ ಒಣಗಿದಂತೆ ಕಾಣುವ ಹೂಳು ಕಾಲಿಟ್ಟರೆ ಕುಸಿಯುತ್ತದೆ. ಮೊಣಕಾಲುದ್ದ ಎಂದುಕೊಂಡ ಕಡೆ ಹಳೆಯ ಗುಂಡಿ ಇರುತ್ತದೆ. ಶತಮಾನ ದಾಟಿದ, ವರ್ಷ ವರ್ಷ ನೀರಿನಲ್ಲಿ ನೆನೆದ ಗೋಡೆಯ ಮೇಲೆ ಫೋಟೋಗಾಗಿ ಹತ್ತುವುದೂ ಜಾಣತನವಲ್ಲ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರಬಹುದಾದ ಇಂಥ ಪ್ರವಾಸ ಮಗಳಿಗೂ ಮನೆಯವರಿಗೂ ಒಳ್ಳೆಯ ಮೊದಲ ಹೆಜ್ಜೆ.

ಮಲ್ಪೆಯಾಚೆಯ ಕಲ್ಲಿನ ಕಂಬಗಳು

ಇನ್ನು ಮಲ್ಪೆಯ ದ್ವೀಪ. ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು ದಾಟಿ ಉಡುಪಿ ಸೇರಲು ಐದಾರು ಗಂಟೆಗೆ ಕಡಿಮೆಯಿಲ್ಲ. ಉಡುಪಿಯಿಂದ ಮಲ್ಪೆಗೆ ಸುಮಾರು 6 ಕಿ.ಮೀ. ಅಲ್ಲಿ ಓಡುವ ಖಾಸಗಿ ಬಸ್ಸುಗಳಿಗೆ 'ಶಕ್ತಿ' ಅನ್ವಯಿಸುವುದಿಲ್ಲ, ಟಿಕೆಟ್ ಕೊಳ್ಳಲೇಬೇಕು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟನೆಂಬ ಪ್ರತೀತಿಯಿದೆ.

ವಿಜ್ಞಾನದ ವಿದ್ಯಾರ್ಥಿನಿಯರಿಗೆ ಇದು ತೆರೆದ ಪುಸ್ತಕ. ಇಲ್ಲಿನ ಆರು ಮೂಲೆ, ಐದು ಮೂಲೆಯ ಕಲ್ಲಿನ ಕಂಬಗಳು ಕೆತ್ತಿದವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿತು. ಕೆರೆಯ ಕೆಸರು ಒಣಗಿ ಬಿರುಕು ಬಿಡುವಂತೆ ಅದೂ ಬಿರುಕು ಬಿಟ್ಟಿತು. ಬಿರುಕುಗಳು ಆಳಕ್ಕೆ ಇಳಿದು ಕಂಬಗಳಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹತ್ತುವಾಗಲೇ ಕೇಳಿಕೊಳ್ಳಬೇಕು. ಲೈಫ್ ಜಾಕೆಟ್ ಕೊಡದ ದೋಣಿಯನ್ನು ಹತ್ತಲೇಬಾರದು.

ನಿಜವಾದ ಅಪಾಯ ಎಲ್ಲಿದೆ?

2022ರ ಏಪ್ರಿಲ್‌ನಲ್ಲಿ ಇದೇ ದ್ವೀಪದಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸತ್ತರು. ಮೊದಲಿನವರು ಗಂಡುಹುಡುಗರು, ಎರಡನೆಯವರು ಶಾಲೆಯ ವತಿಯಿಂದಲೇ ಬಂದವರು. 'ಗಂಡು ದಿಕ್ಕು' ಇದ್ದರೆ ಸಾಕು, ದೊಡ್ಡವರ ಏರ್ಪಾಡಾದರೆ ಸಾಕು ಎಂಬ ನಂಬಿಕೆಗೆ ಈ ಎರಡೂ ದುರಂತಗಳು ಉತ್ತರ ಹೇಳುತ್ತವೆ. ಸಮುದ್ರಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ.

ದಡಕ್ಕೆ ಬಡಿದ ಅಲೆಗಳ ನೀರು ಎಲ್ಲಿಂದಲೋ ಹಿಂದಿರುಗಲೇಬೇಕು. ಅದು ಕಿರಿದಾದ ದಾರಿ ಮಾಡಿಕೊಂಡು ರಭಸದಿಂದ ಒಳಕ್ಕೆ ಸರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಆದ್ದರಿಂದ ಹೊಸಬರ ಕಣ್ಣಿಗೆ ಅದೇ ಶಾಂತವಾಗಿ ಕಾಣುತ್ತದೆ! ಅದಕ್ಕೆ ಸಿಕ್ಕಿದವರು ನೇರ ದಡದತ್ತ ಈಜಲು ಹೆಣಗಿ ಸುಸ್ತಾಗುತ್ತಾರೆ. ಹಾಗೆ ಮಾಡದೆ ತೇಲುತ್ತ, ಕೈಯೆತ್ತಿ ಕೂಗುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಊರ ಕೆರೆಯಲ್ಲಿ ಈಜು ಕಲಿತಿದ್ದರೂ ಕಡಲಿನಲ್ಲಿ ಅದು ಸಾಲದು. ಗೆಳತಿ ಮುಳುಗುತ್ತಿದ್ದರೆ ಒಬ್ಬರ ಹಿಂದೊಬ್ಬರು ಇಳಿಯಬಾರದು. ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆದು, ಕಾವಲಿನವರನ್ನು ಕೂಗಬೇಕು. ಪಾಚಿ ಕಟ್ಟಿದ ಬಂಡೆಯ ಅಂಚಿಗೆ, ಸೆಲ್ಫಿಗಂತೂ, ಹೋಗಲೇಬಾರದು.

ಕೇಳಬೇಕಾದ ಪ್ರಶ್ನೆಗಳು

ಆದ್ದರಿಂದ ಹೆತ್ತವರು 'ಬೇಡ' ಎನ್ನುವ ಮೊದಲು ಇಷ್ಟು ಕೇಳಲಿ: ಯಾರು ಯಾರು ಹೋಗುತ್ತೀರಿ? ಎಲ್ಲರ ಮನೆಯಲ್ಲೂ ಗೊತ್ತಿದೆಯೇ? ರಾತ್ರಿ ಎಲ್ಲಿ ಉಳಿಯುತ್ತೀರಿ? ನೀರಿಗೆ ಎಷ್ಟರ ಮಟ್ಟಿಗೆ ಇಳಿಯುತ್ತೀರಿ? ಉತ್ತರ ಸರಿಯಿದ್ದರೆ ಕಳುಹಿಸಲಿ. ಸರಿಯಿಲ್ಲದಿದ್ದರೆ ಸರಿಮಾಡಿಕೊಂಡು ಬಾ ಎನ್ನಲಿ. ಗೆಳತಿಯರ ತಾಯಂದಿರು ಒಮ್ಮೆ ಫೋನಿನಲ್ಲಿ ಮಾತಾಡಿಕೊಂಡರೆ ಅರ್ಧ ಆತಂಕ ಅಲ್ಲೇ ಕರಗುತ್ತದೆ.

ಹುಡುಗಿಯರಿಗೂ ಒಂದು ಮಾತು. ಅನುಮತಿ ಸಿಗದೆಂದು 'ಗೆಳತಿಯ ಮನೆಯಲ್ಲಿ ಓದಿಕೊಳ್ಳುತ್ತೇವೆ' ಎಂದು ಸುಳ್ಳು ಹೇಳಿ ಹೊರಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬಸ್ಸು ತಪ್ಪಿದಾಗ, ಯಾರೋ ಹಿಂಬಾಲಿಸಿದಾಗ, ಗೆಳತಿಗೆ ಪೆಟ್ಟಾದಾಗ ಮನೆಗೆ ಫೋನ್ ಮಾಡಲು ಕೈ ನಡುಗುತ್ತದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181 ಇವೆ, ನಿಜ. ಆದರೆ ಮೊದಲು ನೆನಪಾಗಬೇಕಾದದ್ದು ಮನೆಯ ನಂಬರು. ಹೆತ್ತವರೂ ಹೊರಡುವ ದಿನ ಒಂದು ಮಾತು ಹೇಳಿ ಕಳುಹಿಸಲಿ: "ಏನೇ ಆದರೂ ಮೊದಲು ನಮಗೆ ಫೋನ್ ಮಾಡು, ಬೈಯುವುದಿಲ್ಲ." ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಲಿ.