ಮುಟ್ಟಿನ ಮುಂಚಿನ ದಿನಗಳು ಮತ್ತು ಬೇಲಿಯ ಲಕ್ಕಿ ಗಿಡ

ಮುಟ್ಟಿಗೆ ನಾಲ್ಕೈದು ದಿನ ಮುಂಚೆ ಹೊಟ್ಟೆಯುಬ್ಬರ, ತಲೆನೋವು, ಎದೆಯಲ್ಲಿ ಬಿಗಿತ, ಸುಮ್ಮಸುಮ್ಮನೆ ಸಿಟ್ಟು, ಅಳು. ಮುಟ್ಟಾದ ಒಂದೆರಡು ದಿನಕ್ಕೆ ಎಲ್ಲವೂ ಮಾಯ. ನಿಮಗೋ ನಿಮ್ಮ ಗೆಳತಿಗೋ ಇದರ ಅನುಭವವಿರಬಹುದು. ಹುಡುಗರೂ ಓದಿ, ಮನೆಯಲ್ಲಿ ಅಕ್ಕತಂಗಿಯರಿದ್ದಾರಲ್ಲ! ಇದು ನಟನೆಯಲ್ಲ. ಅಂಡಾಶಯದಿಂದ ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಏರಿ, ಮುಟ್ಟಿಗೆ ಮುಂಚೆ ಇಳಿಯುತ್ತದೆ. ಈ ಏರಿಳಿತಕ್ಕೆ ಕೆಲವರ ಮಿದುಳು ಹೆಚ್ಚು ಸ್ಪಂದಿಸುತ್ತದೆ. ವೈದ್ಯರು ಇದನ್ನು ಪಿ.ಎಂ.ಎಸ್. ಎನ್ನುತ್ತಾರೆ.

ಇದಕ್ಕೆ ಗಿಡಮೂಲಿಕೆ ಇದೆಯೇ? ಹೆಚ್ಚಾಗಿ ಪರೀಕ್ಷೆಗೆ ಒಳಗಾಗಿರುವುದು ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ವೈಟೆಕ್ಸ್ ಆಗ್ನಸ್-ಕ್ಯಾಸ್ಟಸ್ ಎಂಬ ಗಿಡದ ಹಣ್ಣು. ಜರ್ಮನಿಯಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 170 ಮಹಿಳೆಯರಿದ್ದರು. ಸುಮಾರು ಅರ್ಧ ಜನರಿಗೆ ಇದರ ಸಾರದ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆ. ಯಾರಿಗೆ ಯಾವುದು ಎಂಬುದು ಅವರಿಗೆ ತಿಳಿಯದು. ಮೂರು ಚಕ್ರಗಳ ನಂತರ ನೋಡಿದರೆ, ಸಾರ ಪಡೆದವರಲ್ಲಿ ಶೇಕಡ 52 ಮಂದಿಗೆ ತೊಂದರೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಹುಸಿ ಗುಳಿಗೆಯವರಲ್ಲಿ ಶೇಕಡ 24 ಮಂದಿಗೆ. ಈ 24ನ್ನು ಮರೆಯಬೇಡಿ. ಪಕ್ಕದ ಮನೆಯವರಿಗೆ ಯಾವುದೋ ಕಷಾಯದಿಂದ ಗುಣವಾಯಿತೆಂದರೆ ಅದು ಕಷಾಯದ್ದೇ ಗುಣವೆಂದು ಹೇಳಲಾಗದು.

ಈಗ ನಮ್ಮ ಬೀದಿಗೆ ಬರೋಣ. ಮೈಸೂರಿನ ಶ್ರೀರಾಂಪುರದಲ್ಲಿ ಓಡಾಡುವ ನೀವು ಖಾಲಿ ನಿವೇಶನದ ಬೇಲಿಯಲ್ಲಿ ನೀಲಿ ಹೂವಿನ ಲಕ್ಕಿ ಗಿಡವನ್ನು ಕಂಡಿರಬಹುದು. ಅದು ವೈಟೆಕ್ಸ್ ನೆಗುಂಡೊ. ಕುಲ ಒಂದೇ, ಪ್ರಭೇದ ಬೇರೆ. ನಮ್ಮಲ್ಲಿ ಅದರ ಎಲೆ ಕುದಿಸಿ ಮೈಕೈ ನೋವಿಗೆ ಶಾಖ ಕೊಡುವುದುಂಟು. ಜರ್ಮನಿಯ ಫಲಿತಾಂಶ ಓದಿ ಲಕ್ಕಿ ಕಷಾಯ ಕುಡಿಯುವುದೆಂದರೆ ದೊಡ್ಡಪ್ಪನ ಮಗನ ಅಂಕಗಳನ್ನು ನಮ್ಮ ಅಂಕಪಟ್ಟಿಗೆ ಬರೆದುಕೊಂಡಂತೆ! ಅಶೋಕದ್ದೂ ಇದೇ ಕತೆ. ಆಯುರ್ವೇದವು ಅತಿಸ್ರಾವಕ್ಕೆ ಬಳಸುವ ತೊಗಟೆ ಕಿತ್ತಳೆ ಬಣ್ಣದ ಹೂವಿನ ಸೀತಾ ಅಶೋಕದ್ದು. ರಸ್ತೆ ಬದಿ ಕಂಬದಂತೆ ನಿಂತಿರುವ 'ಅಶೋಕ' ಬೇರೆಯೇ ಮರ.

ಶುಂಠಿ, ಕೇಸರಿಗಳಿಂದ ಅನುಕೂಲ ಕಂಡ ಸಣ್ಣ ಪ್ರಯೋಗಗಳು ಇರಾನಿನಲ್ಲಿ ನಡೆದಿವೆ. ಕೇಸರಿಯ ಬೆಲೆ ನಿಮಗೇ ಗೊತ್ತು. ಮೂಲಿಕೆಯಲ್ಲದಿದ್ದರೂ ಕ್ಯಾಲ್ಸಿಯಂ ಪರವಾದ ಆಧಾರ ಇವಕ್ಕಿಂತ ಗಟ್ಟಿ: ಅಮೆರಿಕದ 1998ರ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 1,200 ಮಿಲಿಗ್ರಾಂ ಕೊಟ್ಟಾಗ ತೊಂದರೆ ಸುಮಾರು ಅರ್ಧದಷ್ಟು ಇಳಿಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ ಬೇಡವೆನ್ನುವ ಮುಂಚೆ ಯೋಚಿಸಿ.

ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಯಾವ ದಿನ ಏನಾಯಿತು, ಮುಟ್ಟು ಎಂದು ಬಂತು. ತರಗತಿಗೆ ಹೋಗಲಾಗದಷ್ಟು ಕಷ್ಟವಾದರೆ ಆ ಹಾಳೆಯೊಡನೆ ವೈದ್ಯರನ್ನು ಕಾಣಿ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯಿದೆ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ, ಅದಕ್ಕೆ ಒಳ್ಳೆಯ ಔಷಧಗಳಿವೆ. ಕುಡಿಯುತ್ತಿರುವ ಕಷಾಯ, ಅರಿಷ್ಟಗಳ ಹೆಸರನ್ನೂ ವೈದ್ಯರಿಗೆ ಹೇಳಿ. ಕೆಲವು ಮೂಲಿಕೆಗಳು ಹಾರ್ಮೋನು ಮಾತ್ರೆಗಳ ಕೆಲಸಕ್ಕೆ ಅಡ್ಡ ಬರಬಹುದು.