ಒಂದೇ ಅಳತೆ, ಸಮಾನ ಸ್ಪರ್ಧೆ: ಬ್ರಿಟನ್ನಿನ ಯಾಟ್ ರೇಸಿಂಗ್ ಅಸೋಸಿಯೇಷನ್

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಹಾಯಿದೋಣಿಗಳ ಪಂದ್ಯ ನಡೆಸುತ್ತಿದ್ದ ಕ್ಲಬ್ಬುಗಳು ತಮ್ಮತಮ್ಮ ನಿಯಮಗಳನ್ನೇ ಅನುಸರಿಸುತ್ತಿದ್ದವು. ಇವುಗಳಲ್ಲಿ ಏಕರೂಪತೆ ತರುವ ಉದ್ದೇಶದಿಂದ 1875ರಲ್ಲಿ ಯಾಟ್ ರೇಸಿಂಗ್ ಅಸೋಸಿಯೇಷನ್ ಸ್ಥಾಪನೆಗೊಂಡಿತು. ದೊಡ್ಡ ದೋಣಿಯು ಚಿಕ್ಕದಕ್ಕೆ ನೀಡಬೇಕಾದ ಸಮಯದ ರಿಯಾಯಿತಿಯು ದೋಣಿಯ ಅಳತೆಯನ್ನು ಅವಲಂಬಿಸಿದ್ದುದರಿಂದ ಅಳತೆಯ ಸೂತ್ರವೇ ಪಂದ್ಯದ ಜೀವಾಳವಾಗಿತ್ತು.

ಅಂದಿನ ಟನ್ ಸೂತ್ರದಲ್ಲಿ ಅಗಲ ಹೆಚ್ಚಿದಂತೆ ಟನ್ ಲೆಕ್ಕವೂ ಏರುತ್ತಿತ್ತು. ಹಾಯಿಯ ವಿಸ್ತೀರ್ಣಕ್ಕೆ ಲೆಕ್ಕವೇ ಇರಲಿಲ್ಲ. ಪರಿಣಾಮವಾಗಿ ನಿರ್ಮಾಪಕರು ಕಿರಿದಾದ, ಆಳವಾದ ದೋಣಿಗಳನ್ನೇ ಕಟ್ಟತೊಡಗಿದರು. ಸಂಘವು 1886ರಲ್ಲಿ ಉದ್ದ ಹಾಗೂ ಹಾಯಿಯ ವಿಸ್ತೀರ್ಣಗಳನ್ನು ಆಧರಿಸಿದ ಸೂತ್ರವನ್ನು ಅಂಗೀಕರಿಸಿತು. 1907ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೂ ರೂಪುಗೊಂಡಿತು. ಮೂಲ ಸಂಘವು 1953ರಿಂದ ರಾಯಲ್ ಯಾಟಿಂಗ್ ಅಸೋಸಿಯೇಷನ್ ಎಂಬ ಹೆಸರು ಹೊಂದಿದೆ.

ಮಾನದಂಡವು ಸರಕನ್ನು ಅಳೆಯುವುದಷ್ಟೇ ಅಲ್ಲ, ಅದರ ರೂಪವನ್ನೂ ನಿರ್ಧರಿಸುತ್ತದೆ ಎಂಬುದಕ್ಕೆ ಈ ಇತಿಹಾಸವೇ ನಿದರ್ಶನ.